ಬಳ್ಳಾರಿಯಿಂದ ಹಳೆಯ ರಾಜಧಾನಿಗೆ: ಚೆನ್ನೈನ ಪೇಟೆಗಳಲ್ಲಿ

1953ರ ಅಕ್ಟೋಬರ್ 1ರವರೆಗೆ ಬಳ್ಳಾರಿಯ ರಾಜಧಾನಿ ಮದರಾಸು. 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಸೀಮೆಗಳಲ್ಲಿ ನಮ್ಮ ಜಿಲ್ಲೆಯೂ ಸೇರಿದ್ದರಿಂದ, ಅಲ್ಲಿಂದ ಮುಂದೆ ಒಂದೂವರೆ ಶತಮಾನ ಇಲ್ಲಿನ ರೈತನ ಕಂದಾಯದ ಲೆಕ್ಕವಾಗಲಿ, ಸಿವಿಲ್ ದಾವೆಯ ಮೇಲ್ಮನವಿಯಾಗಲಿ ಕೊನೆಗೆ ಹೋಗಿ ಮುಟ್ಟುತ್ತಿದ್ದುದು ಆ ಕಡಲತಡಿಯ ಊರನ್ನೇ. ಜಮೀನಿನ ಮೊಕದ್ದಮೆಗಳ ಮಾತು ಬಂದಾಗಲೆಲ್ಲ "ಅದು ಮದ್ರಾಸಿಗೆ ಅಪೀಲು ಹೋಗಿತ್ತು" ಎಂದು ನಮ್ಮ ಅಜ್ಜ ಹೇಳುತ್ತಿದ್ದುದನ್ನು ಕೇಳುತ್ತ ಬೆಳೆದ ನನಗೆ, ಆ ಊರನ್ನು ಒಮ್ಮೆ ನಿಧಾನವಾಗಿ, ಪೇಟೆ ಪೇಟೆಯಾಗಿ, ಕಾಲ್ನಡಿಗೆಯಲ್ಲಿ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ನಮ್ಮ ಕಡೆಯಿಂದ ಚೆನ್ನೈಗೆ ಹೋಗುವವರು ಮರೀನಾ ಕಡಲತೀರವನ್ನೂ ಸೀರೆ ಅಂಗಡಿಗಳನ್ನೂ ನೋಡಿ ಹಿಂದಿರುಗುತ್ತಾರೆ. ಬಳ್ಳಾರಿಯವರಾದ ನಮಗೆ ಆ ನಗರದಲ್ಲಿ ಅದಕ್ಕಿಂತ ಹೆಚ್ಚಿನ ಸಂಬಂಧವಿದೆ ಎಂಬುದನ್ನು ಹೇಳಲೆಂದೇ ಈ ಬರಹ.

ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗಿ, ಅಲ್ಲಿಂದ ರಾತ್ರಿಯ ರೈಲು ಹಿಡಿದರೆ ಕಡಪ, ರೇಣಿಗುಂಟ, ಅರಕ್ಕೋಣಂ ದಾಟಿ ಚೆನ್ನೈ ಸೇರಬಹುದು. ಸೆಂಟ್ರಲ್ ನಿಲ್ದಾಣದ ಸಮೀಪದಲ್ಲಿ ಕೂವಂ ನದಿಯ ಎರಡು ಕವಲುಗಳ ನಡುವಿನ ನೆಲವನ್ನು 'ದ್ವೀಪ' ಎಂದು ಕರೆಯುತ್ತಾರೆ. ಬಳ್ಳಾರಿಯವರು ಮೊದಲು ಅಲ್ಲಿಗೇ ಹೋಗಬೇಕೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿನ ರಸ್ತೆಯ ನಡುವೆ ಎತ್ತರದ ಪೀಠದ ಮೇಲೆ ಕುದುರೆ ಏರಿ ಕುಳಿತಿರುವವನು ಥಾಮಸ್ ಮನ್ರೋ. ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳಿಗೆ 1800ರಿಂದ 1807ರವರೆಗೆ ಪ್ರಧಾನ ಕಲೆಕ್ಟರನಾಗಿದ್ದು, ಪಾಳೆಯಗಾರರನ್ನು ಅಡಗಿಸಿ, ಹೊಲಗಳನ್ನು ಅಳೆಸಿ, ರೈತನಿಂದ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿಯನ್ನು ಬೇರೂರಿಸಿದವನು ಇವನೇ. 1820ರಲ್ಲಿ ಮದರಾಸಿನ ಗವರ್ನರನಾದ ಮನ್ರೋ, 1827ರಲ್ಲಿ ಮತ್ತೆ ನಮ್ಮ ಸೀಮೆಗೆ ಪ್ರವಾಸ ಬಂದಾಗ ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡನು. ಮಂತ್ರಾಲಯದ ರಾಯರು ಅವನಿಗೆ ಬೃಂದಾವನದಲ್ಲಿ ದರ್ಶನ ಕೊಟ್ಟು ಮಾತನಾಡಿದರೆಂಬ ಕಥೆಯನ್ನು ನಮ್ಮ ಕಡೆ ಕೇಳದವರು ವಿರಳ. ಪ್ರತಿಮೆಯಲ್ಲಿ ಕುದುರೆಗೆ ತಡಿಯೂ ಇಲ್ಲ, ರಿಕಾಪೂ ಇಲ್ಲ. ಶಿಲ್ಪಿ ಮರೆತನೆಂದು ಜನ ಹೇಳುವುದುಂಟು. ತಡಿಯಿಲ್ಲದ ಆ ಕುಳಿತ ಭಂಗಿಯೇ ಅವನಿಗೆ ಗಾಂಭೀರ್ಯ ತಂದಿದೆ ಎಂದು ನನಗೆ ತೋರಿತು. ಸುತ್ತಲೂ ಬಸ್ಸುಗಳು ಹರಿದಾಡುವ ಆ ಜಾಗದಲ್ಲಿ ನಿಂತು ಅವನನ್ನು ಗುರುತಿಸುವವರು ಹೆಚ್ಚಿಲ್ಲ.

ಅಲ್ಲಿಂದ ನಡೆದೇ ಸಂತ ಜಾರ್ಜ್ ಕೋಟೆಗೆ ಹೋಗಬಹುದು. ಇಂದು ತಮಿಳುನಾಡಿನ ಸಚಿವಾಲಯವೂ ವಿಧಾನಸಭೆಯೂ ಇರುವ ಈ ಕೋಟೆಯ ನೆಲವನ್ನು ಕಂಪನಿಯವರಿಗೆ 1639ರಲ್ಲಿ ಕೊಟ್ಟವರು ದಾಮರ್ಲ ನಾಯಕರು. ಅವರು ಯಾರ ಅಧೀನರೆಂದರೆ, ಹಂಪೆ ಪಾಳುಬಿದ್ದ ಮೇಲೆ ಚಂದ್ರಗಿರಿ, ವೆಲ್ಲೂರುಗಳಿಂದ ಆಳುತ್ತಿದ್ದ ವಿಜಯನಗರದ ಅರವೀಡು ಅರಸರ ಅಧೀನರು. ಹೊಸಪೇಟೆಯ ಕಡೆಯವರು ಹಂಪೆಯಲ್ಲಿ ಕೊನೆಗೊಂಡಿತೆಂದು ತಿಳಿದಿರುವ ರಾಜ್ಯ, ತನ್ನ ಕೊನೆಗಾಲದಲ್ಲಿ ಕೊಟ್ಟ ಒಂದು ಚೂರು ಮರಳುದಂಡೆಯಿಂದ ಈ ಮಹಾನಗರ ಹುಟ್ಟಿತು ಎಂಬುದು ಕೋಟೆಯ ಒಳಗೆ ಓಡಾಡುವಾಗ ಮನಸ್ಸಿನಿಂದ ಹೋಗಲೇ ಇಲ್ಲ. 1680ರಲ್ಲಿ ಪ್ರತಿಷ್ಠೆಗೊಂಡ ಸಂತ ಮೇರಿ ಚರ್ಚಿನಲ್ಲಿ ಮನ್ರೋನ ಸಮಾಧಿ ಇದೆ. ಮೊದಲು ಗುತ್ತಿಯಲ್ಲಿ ಹೂಳಿದ್ದ ದೇಹವನ್ನು ಆಮೇಲೆ ಇಲ್ಲಿಗೆ ತಂದರು.

ಕೋಟೆಯ ಉತ್ತರಕ್ಕೆ ಮದರಾಸು ಹೈಕೋರ್ಟು. 1892ರಲ್ಲಿ ಪೂರ್ಣಗೊಂಡ ಕೆಂಪು ಕಟ್ಟಡ, ಗುಮ್ಮಟಗಳು, ಒಂದು ಗೋಪುರದ ಮೇಲೆ ಹಿಂದೆ ಹಡಗುಗಳಿಗೆ ಬೆಳಕು ತೋರುತ್ತಿದ್ದ ದೀಪಸ್ತಂಭ. 1914ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಎಮ್ಡೆನ್ ಯುದ್ಧನೌಕೆ ನಗರದ ಮೇಲೆ ಗುಂಡು ಹಾರಿಸಿದ್ದರ ನೆನಪಿನ ಫಲಕವೂ ಇಲ್ಲಿದೆ. ಅಜ್ಜ ಹೇಳುತ್ತಿದ್ದ ಅಪೀಲುಗಳೆಲ್ಲ ಬಂದು ನಿಂತಿದ್ದ ಮೆಟ್ಟಿಲುಗಳು ಇವೇ ಎಂದು ನಾನು ಸ್ವಲ್ಪ ಹೊತ್ತು ಹೊರಗೆ ನಿಂತು ನೋಡಿದೆ. ಬಳ್ಳಾರಿಯಿಂದ ಇಷ್ಟು ದೂರ ಬಂದು, ತನಗೆ ತಿಳಿಯದ ಭಾಷೆಯಲ್ಲಿ ತನ್ನ ಹೊಲದ ವಿಚಾರ ನಡೆಯುವುದನ್ನು ಕೇಳುತ್ತ ಕುಳಿತಿರಬಹುದಾದ ಒಬ್ಬ ಒಕ್ಕಲಿಗನನ್ನು ಕಲ್ಪಿಸಿಕೊಂಡರೆ, ಏಕೀಕರಣಕ್ಕಾಗಿ ನಮ್ಮ ಹಿರಿಯರು ಏಕೆ ಅಷ್ಟು ಹಂಬಲಿಸಿದರೆಂಬುದು ಪುಸ್ತಕ ಓದುವುದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಹೈಕೋರ್ಟಿನ ಎದುರಿಗೆ, ಪ್ಯಾರಿಸ್ ಕಾರ್ನರ್ ದಾಟಿದ ಕೂಡಲೇ, ಜಾರ್ಜ್ ಟೌನ್ ಶುರುವಾಗುತ್ತದೆ. ಚೆನ್ನೈನ ಪೇಟೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಇದು. ಇದಕ್ಕೆ ಸಾಕಷ್ಟು ಸಮಯ ಇಟ್ಟುಕೊಳ್ಳದೆ ಹೋಗಬೇಡಿ. ನೇರವಾದ ಇಕ್ಕಟ್ಟಿನ ಬೀದಿಗಳು ಒಂದಕ್ಕೊಂದು ಸಮಾನಾಂತರವಾಗಿ ಸಾಗುತ್ತವೆ, ಒಂದೊಂದು ಬೀದಿಗೂ ಒಂದೊಂದು ವ್ಯಾಪಾರ. ಆಂಡರ್ಸನ್ ಬೀದಿಯಲ್ಲಿ ಕಾಗದ ಮತ್ತು ಮದುವೆಯ ಲಗ್ನಪತ್ರಿಕೆ, ಗೋಡೌನ್ ಬೀದಿಯಲ್ಲಿ ಸಗಟು ಬಟ್ಟೆ, ಮಿಂಟ್ ಬೀದಿಯ ಕಡೆಗೆ ಹೋದರೆ ಗುಜರಾತಿ ಮತ್ತು ಮಾರವಾಡಿ ಸಾಹುಕಾರರ ಸೌಕಾರ್‌ಪೇಟೆ. ಬಳ್ಳಾರಿಯ ಜೀನ್ಸ್ ಉದ್ಯಮದ ಜೊತೆ ಬೆಳೆದ ಯಾರಿಗೇ ಆದರೂ ಗೋಡೌನ್ ಬೀದಿಯ ಗದ್ದಲ ಪರಿಚಿತವೆನಿಸುತ್ತದೆ. ತಲೆಯ ಮೇಲೆ ಬಟ್ಟೆಯ ಥಾನು ಹೊತ್ತ ಹಮಾಲಿ, ಬಿಳಿ ಗಾದಿಯ ಮೇಲೆ ಕಾಲು ಮಡಿಸಿ ಕುಳಿತ ಮಾಲೀಕ, ಮೀಟರು ಲೆಕ್ಕದಲ್ಲಿ ಚೌಕಾಸಿ ಮಾಡುವ ದೂರದೂರಿನ ಗಿರಾಕಿ, ಯಾರೂ ಯಾರಿಗಾಗಿಯೂ ನಿಲ್ಲುವುದಿಲ್ಲ. ಆರ್ಮೇನಿಯನ್ ಬೀದಿಯ ಆರ್ಮೇನಿಯನ್ ಚರ್ಚಿನ ಅಂಗಳಕ್ಕೆ ಕಾಲಿಟ್ಟರೆ ಈ ಸದ್ದು ಹಿಂದೆ ಉಳಿಯುತ್ತದೆ. 1772ರ ಈ ಚರ್ಚಿನ ನೆಲದಲ್ಲಿ ಹಾಸಿರುವ ಸಮಾಧಿ ಕಲ್ಲುಗಳ ಮೇಲೆಯೇ ನಡೆದು ಹೋಗಬೇಕು. ಜಗತ್ತಿನ ಮೊದಲ ಆರ್ಮೇನಿಯನ್ ಪತ್ರಿಕೆಯಾದ 'ಅಜ್ದರಾರ್' 1794ರಲ್ಲಿ ಅಚ್ಚಾದದ್ದು ಆರ್ಮೇನಿಯಾದಲ್ಲಿ ಅಲ್ಲ, ಮದರಾಸಿನಲ್ಲಿ.

ಭಾಷೆಯ ಬಗ್ಗೆ ಇಲ್ಲಿಯೇ ಒಂದು ಮಾತು. ತಮಿಳು ಬಾರದವರು ಚೆನ್ನೈನಲ್ಲಿ ಒದ್ದಾಡಬೇಕಾಗುತ್ತದೆ ಎಂದು ನನಗೆ ಹಲವರು ಹೇಳಿದ್ದರು. ಆದರೆ ಬಳ್ಳಾರಿಯ ಮನುಷ್ಯ ಬರೀ ಕನ್ನಡದವನಲ್ಲ, ತೆಲುಗು ಅವನ ಬೀದಿಯ ಭಾಷೆ, ದಖನಿ ಉರ್ದು ಅವನ ಬಜಾರಿನ ಭಾಷೆ. ಜಾರ್ಜ್ ಟೌನಿನ ಹಳೆಯ ವರ್ತಕ ಮನೆತನಗಳಲ್ಲಿ ತೆಲುಗರು ಬಹಳ ಮಂದಿ. ಒಂದು ಅಂಗಡಿಯಲ್ಲಿ ನನ್ನ ತೆಲುಗು ಕೇಳಿದ ಹಿರಿಯರೊಬ್ಬರು ಊರು ಯಾವುದೆಂದು ವಿಚಾರಿಸಿ, ಬಳ್ಳಾರಿ ಎಂದ ಕೂಡಲೇ ಕುರ್ಚಿ ಎಳೆದು ಕೊಟ್ಟು, ಆದೋನಿಯ ಹತ್ತಿ ಮಾರುಕಟ್ಟೆಯ ಬಗ್ಗೆ ಮಾತು ತೆಗೆದರು. ಟ್ರಿಪ್ಲಿಕೇನಿನಲ್ಲಿ ಉರ್ದು ನೆರವಿಗೆ ಬಂತು. ನಮ್ಮೂರಿನ ಮೂರು ಭಾಷೆಗಳು ಕೂಡಿ ನನ್ನನ್ನು ಈ ನಗರದಲ್ಲಿ ಎಲ್ಲಿಯೂ ಪರಕೀಯನನ್ನಾಗಿ ಬಿಡಲಿಲ್ಲ, ಮತ್ತು ಇದಕ್ಕಾಗಿ ನಾನು ಬಳ್ಳಾರಿಗೆ ಋಣಿ.

ಬೀಚ್ ನಿಲ್ದಾಣದ ಎದುರಿಗಿರುವ ಬರ್ಮಾ ಬಜಾರು, ಬರ್ಮಾದಿಂದ ಎಲ್ಲವನ್ನೂ ಬಿಟ್ಟು ಬಂದ ತಮಿಳು ಕುಟುಂಬಗಳಿಗಾಗಿ 1960ರ ದಶಕದ ಕೊನೆಯಲ್ಲಿ ಎದ್ದ ಸಾಲು ಅಂಗಡಿಗಳು. ಅವರ ಜೊತೆಯಲ್ಲಿ ಬಂದ 'ಅತ್ತೋ' ಎಂಬ ತಿನಿಸನ್ನು ಸಂಜೆಯಾಗುತ್ತಲೇ ಆ ಬದಿಯ ತಳ್ಳುಗಾಡಿಗಳಲ್ಲಿ ಕಲಸಿ ಕೊಡುತ್ತಾರೆ. ಶಾವಿಗೆಯಂಥ ಎಳೆಗಳಿಗೆ ಎಲೆಕೋಸು, ಕರಿದ ಈರುಳ್ಳಿ, ಹುಣಸೆ ನೀರು, ಖಾರದ ಪುಡಿ ಹಾಕಿ ಕೈಯಿಂದಲೇ ಬೆರೆಸುತ್ತಾರೆ. ನಮ್ಮೂರಲ್ಲಿ ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿಯ ಗಾಡಿಯ ಸುತ್ತ ಜನ ಹೇಗೆ ಸೇರುತ್ತಾರೋ ಹಾಗೆಯೇ ಅಲ್ಲಿಯೂ ಸೇರಿದ್ದರು.

ಇನ್ನೂ ಉತ್ತರಕ್ಕೆ ರಾಯಪುರಂ. ಪ್ರವಾಸಿಗರು ಬಾರದ ಈ ಪೇಟೆಗೆ ನಾನು ಹೋದದ್ದು ರೈಲು ನಿಲ್ದಾಣವನ್ನು ನೋಡಲು. ದಕ್ಷಿಣ ಭಾರತದ ಮೊದಲ ರೈಲು 1856ರ ಜುಲೈ 1ರಂದು ಹೊರಟದ್ದು ಇಲ್ಲಿಂದ, ವಾಲಾಜಾ ರೋಡಿನ ಕಡೆಗೆ. ಅದೇ ಮದ್ರಾಸ್ ರೈಲ್ವೆಯ ಹಳಿಗಳು ಮುಂದೆ ಕಡಪ, ಗುಂತಕಲ್ಲುಗಳನ್ನು ದಾಟಿ, 1871ರಲ್ಲಿ ನಮ್ಮ ನೆರೆಯ ರಾಯಚೂರಿನಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿಗಳನ್ನು ಕೂಡಿಕೊಂಡವು. ನಾನು ಬಂದ ದಾರಿಯ ಮೊದಲ ತುದಿ ಇದು ಎಂಬ ಭಾವದಿಂದ ಆ ಕಂಬಗಳ ಸಾಲನ್ನು ನೋಡಿದೆ. ರಾಯಪುರಂನಲ್ಲಿ ಪಾರಸಿಗಳ ಅಗ್ನಿ ಮಂದಿರವಿದೆ, ದೋಣಿಗಾರರು ಕಟ್ಟಿಸಿದ ಚರ್ಚ್ ಇದೆ, ಸ್ವಲ್ಪ ಮುಂದೆ ಹೋದರೆ ಕಾಸಿಮೇಡು ಮೀನುಬಂದರು. ಕಾಸಿಮೇಡನ್ನು ಬೆಳಗಿನ ಜಾವದಲ್ಲೇ ನೋಡಬೇಕು. ದೋಣಿಗಳಿಂದ ಇಳಿಯುವ ವಂಜಿರಂ, ಶಂಕರಾ, ನೆತ್ತಿಲಿ ಮೀನುಗಳ ರಾಶಿಯ ಸುತ್ತ ಹರಾಜು ಕೂಗುವವರಲ್ಲಿಯೂ ಕೊಳ್ಳುವವರಲ್ಲಿಯೂ ಹೆಂಗಸರ ದನಿಯೇ ಮುಂದು. ತುಂಗಭದ್ರಾ ಜಲಾಶಯದ ಮೀನನ್ನಷ್ಟೇ ಕಂಡವರಿಗೆ ಇದು ಬೇರೆಯೇ ಲೋಕ. ಉತ್ತರ ಚೆನ್ನೈ ಎಂದರೆ ಮೂಗು ಮುರಿಯುವ ಚೆನ್ನೈನವರನ್ನೇ ನಾನು ಕಂಡೆ. ಅದು ಅನ್ಯಾಯ. ಆ ನಗರದ ಬಂದರು, ರೈಲು, ಗಿರಣಿಗಳನ್ನು ನಡೆಸಿದ ದುಡಿಮೆಯೆಲ್ಲ ಈ ಭಾಗದ್ದು, 1918ರಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಎಂಬ ದೇಶದ ಮೊದಲ ಸಂಘಟಿತ ಕಾರ್ಮಿಕ ಸಂಘ ಹುಟ್ಟಿದ್ದೂ ಪೆರಂಬೂರಿನ ಕಡೆಯ ಬಟ್ಟೆ ಗಿರಣಿಗಳ ಕಾರ್ಮಿಕರಿಂದ.

ಟ್ರಿಪ್ಲಿಕೇನ್, ಅಂದರೆ ತಿರುವಲ್ಲಿಕ್ಕೇಣಿ, ಕೋಟೆ ಕಟ್ಟುವುದಕ್ಕೆ ಶತಮಾನಗಳ ಮೊದಲೇ ಇದ್ದ ಊರು. ಪಾರ್ಥಸಾರಥಿ ದೇವಾಲಯದಲ್ಲಿ ಪಲ್ಲವರ ದಂತಿವರ್ಮನ ಕಾಲದ ಶಾಸನವಿದೆ. ಗರ್ಭಗುಡಿಯ ಕೃಷ್ಣನಿಗೆ ದಟ್ಟ ಮೀಸೆ, ಕೈಯಲ್ಲಿ ಶಂಖವಿದೆ, ಚಕ್ರವಿಲ್ಲ. ಕುರುಕ್ಷೇತ್ರದಲ್ಲಿ ಆಯುಧ ಹಿಡಿಯೆನೆಂದು ಮಾತು ಕೊಟ್ಟ ಸಾರಥಿಯ ರೂಪವಿದು. ಸುಬ್ರಹ್ಮಣ್ಯ ಭಾರತಿ ತನ್ನ ಕೊನೆಯ ದಿನಗಳನ್ನು ಕಳೆದು 1921ರಲ್ಲಿ ತೀರಿಕೊಂಡ ಮನೆ ಇದೇ ದೇವಾಲಯದ ಹಿಂದಿನ ಬೀದಿಯಲ್ಲಿದೆ. ಇಲ್ಲಿಂದ ಕೊಂಚ ದೂರ ನಡೆದರೆ ಆರ್ಕಾಟಿನ ನವಾಬರ ಮನೆತನದವರು 1795ರಲ್ಲಿ ಕಟ್ಟಿಸಿದ ವಾಲಾಜಾ ಮಸೀದಿ. ಬೂದುಬಣ್ಣದ ಕಲ್ಲಿನ ಈ ಮಸೀದಿಯೊಳಗಿರುವ ಪಾರಸಿ ಪದ್ಯವನ್ನು ಬರೆದವನು ನವಾಬನ ಆಸ್ಥಾನದಲ್ಲಿದ್ದ ಹಿಂದೂ ವಿದ್ವಾಂಸ, ರಾಜಾ ಮಖನ್ ಲಾಲ್ ಖಿರತ್. ರಂಜಾನ್ ತಿಂಗಳಲ್ಲಿ ಉಪವಾಸ ಬಿಡುವವರಿಗೆ ಇಲ್ಲಿ ಊಟ ಬಡಿಸುವವರು ಮೈಲಾಪುರದ ಸೂಫಿದಾರ್ ಮಂದಿರದ ಸಿಂಧಿ ಭಕ್ತರು. ದೇಶ ಒಡೆದಾಗ ಸಿಂಧ್ ಬಿಟ್ಟು ಬಂದವರ ಈ ಸೇವೆ ದಶಕಗಳಿಂದ ನಡೆದಿದೆ. ಮೊಹರಂನಲ್ಲಿ ಹಿಂದೂಗಳು ಅಲಾಯಿ ದೇವರಿಗೆ ಸಕ್ಕರೆ ಓದಿಸುವ ನಾಡಿನಿಂದ ಹೋದ ನನಗೆ, ಅದನ್ನು ತಿಳಿದು ಬಹಳ ಸಂತೋಷವಾಯಿತು. ಕೆಲಸ ಹುಡುಕಿಕೊಂಡು ಬರುವ ಒಂಟಿ ಯುವಕರು ಇಳಿದುಕೊಳ್ಳುವ 'ಮ್ಯಾನ್ಷನ್' ಎಂಬ ವಸತಿಗೃಹಗಳು ಈ ಪೇಟೆಯ ಇನ್ನೊಂದು ಗುರುತು. ಬಾಲ್ಕನಿಗಳ ತುಂಬ ಒಣಹಾಕಿದ ಲುಂಗಿ, ಟವೆಲು. ಕೆಳಗೆ ಕಡಿಮೆ ಬೆಲೆಯ ಮೆಸ್ಸು.

ಮೈಲಾಪುರಕ್ಕೆ ಹೋಗುವ ಮುನ್ನ ಮರೀನಾ. 1884ರ ಸುಮಾರಿಗೆ ಗವರ್ನರ್ ಗ್ರಾಂಟ್ ಡಫ್ ರೂಪಿಸಿದ ಈ ಕಡಲ ದಂಡೆಯ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ನಾನು ಹೆಚ್ಚು ಬರೆಯುವುದಿಲ್ಲ. ದೇವಿ ಪ್ರಸಾದ್ ರಾಯ್ ಚೌಧರಿಯವರ 'ಶ್ರಮದ ಗೆಲುವು' ಶಿಲ್ಪದ ಮುಂದೆ ಮಾತ್ರ ನಿಲ್ಲದೆ ಹೋಗಬೇಡಿ. ಬಂಡೆಯನ್ನು ಮೀಟುತ್ತಿರುವ ಆ ನಾಲ್ವರ ಬೆನ್ನುಗಳು, ಬಂಡೆಗಳ ನಡುವೆಯೇ ಬದುಕುವ ಬಳ್ಳಾರಿಯವರಿಗೆ ಚೆನ್ನಾಗಿ ಅರ್ಥವಾಗುತ್ತವೆ.

ಮೈಲಾಪುರದ ಕಪಾಲೀಶ್ವರ ದೇವಾಲಯ, ಅದರ ಪುಷ್ಕರಣಿ, ಸುತ್ತಲಿನ ನಾಲ್ಕು ಮಾಡ ಬೀದಿಗಳು ಸೇರಿ ಒಂದು ಪೂರ್ಣ ಊರು. ಬೆಳಗ್ಗೆ ಹೂವು, ತರಕಾರಿ, ಹಿತ್ತಾಳೆ ಪಾತ್ರೆ, ಗೊಂಬೆಗಳ ಅಂಗಡಿಗಳು ತೆರೆದುಕೊಳ್ಳುವ ಹೊತ್ತಿಗೆ ಬಂದರೆ ಅದರ ಸೊಬಗು ತಿಳಿಯುತ್ತದೆ. ಪಂಗುನಿ ಮಾಸದಲ್ಲಿ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಇಲ್ಲಿ ಅರವತ್ತುಮೂವರು ನಾಯನಾರರ ಮೂರ್ತಿಗಳ ಮೆರವಣಿಗೆ ನಡೆಯುತ್ತದೆ. ಈ ಅರವತ್ತುಮೂವರು ನಮಗೆ ಹೊಸಬರಲ್ಲ. ಹಂಪೆಯ ಹರಿಹರ ಕವಿ ರಗಳೆಗಳಲ್ಲಿ ಹಾಡಿದ, ನಮ್ಮ ಮಠಗಳಲ್ಲಿ ಇಂದಿಗೂ ನೆನೆಯುವ ಪುರಾತನರು ಅವರೇ. ಅವರಲ್ಲಿ ಒಬ್ಬನಾದ ವಾಯಿಲಾರ್ ಇದೇ ಮೈಲಾಪುರದವನು. ವಿರೂಪಾಕ್ಷನ ಸನ್ನಿಧಿಯಲ್ಲಿ ಕುಳಿತು ಹರಿಹರನು ಕನ್ನಡಕ್ಕೆ ತಂದುಕೊಂಡ ಶರಣರ ಹೆಸರುಗಳನ್ನು ಈ ಕಡಲತೀರದ ಗುಡಿಯಲ್ಲಿ ಸಾಲಾಗಿ ನಿಂತ ಮೂರ್ತಿಗಳಲ್ಲಿ ಗುರುತಿಸುತ್ತ ಹೋದಾಗ ಆದ ಆನಂದವನ್ನು ನಾನು ಬೇರೆಲ್ಲಿಯೂ ಪಡೆದಿಲ್ಲ. ಪಕ್ಕದಲ್ಲೇ ಪೋರ್ಚುಗೀಸರ ಕಾಲದ ಲಸ್ ಚರ್ಚ್, ಕಡಲ ಬದಿಗೆ ಸಂತ ತೋಮಸನ ಸಮಾಧಿಯ ಮೇಲೆ ಎದ್ದ ಸ್ಯಾಂಥೋಮ್ ಬಸಿಲಿಕಾ ಇವೆ. ಬಿಳಿಯ ಆ ಶಿಖರ ದೂರದಿಂದಲೇ ಕಾಣುತ್ತದೆ.

ಆದರೆ ಮೈಲಾಪುರದಲ್ಲಿ ನಾನು ಮುಖ್ಯವಾಗಿ ಹುಡುಕಿಕೊಂಡು ಹೋದದ್ದು ರಾಯಪೇಟ್ಟಾ ಹೈ ರೋಡಿನ ಒಂದು ಮನೆಯನ್ನು. ಪೊಟ್ಟಿ ಶ್ರೀರಾಮುಲು ಅವರು ಪ್ರತ್ಯೇಕ ಆಂಧ್ರಕ್ಕಾಗಿ 1952ರ ಅಕ್ಟೋಬರ್ 19ರಂದು ಉಪವಾಸಕ್ಕೆ ಕುಳಿತು, 58 ದಿನಗಳ ನಂತರ ಡಿಸೆಂಬರ್ 15ರಂದು ಪ್ರಾಣ ಬಿಟ್ಟದ್ದು ಬುಲುಸು ಸಾಂಬಮೂರ್ತಿಯವರ ಈ ಮನೆಯಲ್ಲಿ. ಈಗ ಅದು ಸ್ಮಾರಕ. ಆ ಸಾವಿನ ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯದ ಘೋಷಣೆಯಾಯಿತು, ಅದರೊಡನೆ ಬಳ್ಳಾರಿ ಯಾರಿಗೆ ಎಂಬ ಪ್ರಶ್ನೆಯೂ ಎದ್ದಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ವಿಚಾರಣೆಯನ್ನು ನ್ಯಾಯಮೂರ್ತಿ ಮಿಶ್ರಾ ಅವರಿಗೆ ಒಪ್ಪಿಸಲಾಯಿತು, ಅವರು ಅದು ಮೈಸೂರಿಗೆ ಸೇರಬೇಕೆಂದರು. ಸೇರ್ಪಡೆಯ ವಿಜಯೋತ್ಸವಕ್ಕಾಗಿ ಬಳ್ಳಾರಿಯಲ್ಲಿ ಹಾಕಿದ್ದ ಚಪ್ಪರವನ್ನು ಕಾಯುತ್ತಿದ್ದ ಪಿಂಜಾರ ರಂಜಾನ್ ಸಾಬ್ ಆಸಿಡ್ ದಾಳಿಗೆ ಬಲಿಯಾದದ್ದು ಆ ದಿನಗಳಲ್ಲೇ. ಆ ಮನೆಯ ಮುಂದೆ ನಿಂತಾಗ ಇಬ್ಬರೂ ನೆನಪಾದರು. ಗೆದ್ದವರು, ಸೋತವರು ಎಂಬ ಲೆಕ್ಕವನ್ನು ಬಿಟ್ಟು ನೋಡಿದರೆ, ತನ್ನ ಮಾತಿನಲ್ಲಿ ತನ್ನ ರಾಜ್ಯ ನಡೆಯಬೇಕೆಂದು ಹಂಬಲಿಸಿದ ಇಬ್ಬರು ಇವರು. ಬಳ್ಳಾರಿಯಲ್ಲಿ ರಂಜಾನ್ ಸಾಬರನ್ನು ನಾವು ಇನ್ನೂ ಹೆಚ್ಚು ನೆನೆಯಬೇಕಾಗಿತ್ತು ಎಂಬ ನೋವು ನನಗಿದೆ.

ದಕ್ಷಿಣದ ಪೇಟೆಗಳನ್ನು ಬೇಗ ದಾಟುತ್ತೇನೆ. ತ್ಯಾಗರಾಯ ನಗರ, ಅಂದರೆ ಟಿ. ನಗರ, 1920ರ ದಶಕದಲ್ಲಿ ಒಂದು ದೊಡ್ಡ ಕೆರೆಯನ್ನು ಬತ್ತಿಸಿ ಕಟ್ಟಿದ ಬಡಾವಣೆ. ರಂಗನಾಥನ್ ಬೀದಿಯ ಜನಜಂಗುಳಿಯಲ್ಲಿ ಆ ಕೆರೆಯನ್ನು ನೆನೆಯಲು ಯಾರಿಗೂ ಪುರುಸೊತ್ತಿಲ್ಲ. ಕೆರೆಯ ನೀರಿನ ಬೆಲೆ ಬಲ್ಲ ಬಯಲುಸೀಮೆಯವನಿಗೆ ಅದು ಸಂಕಟದ ಸಂಗತಿ. ಕೋಡಂಬಾಕ್ಕಂ ಕನ್ನಡ ಚಿತ್ರರಂಗಕ್ಕೆ ದಶಕಗಳ ಕಾಲ ತವರಾಗಿತ್ತು, ರಾಜ್‌ಕುಮಾರ್ ಅವರ ಸಂಸಾರ ಮದರಾಸಿನಲ್ಲೇ ನೆಲೆಸಿತ್ತು, ಅವರ ಮಕ್ಕಳು ಹುಟ್ಟಿದ್ದೂ ಅಲ್ಲಿಯೇ. ಅಡ್ಯಾರಿನಲ್ಲಿ ಥಿಯಾಸಾಫಿಕಲ್ ಸೊಸೈಟಿಯ ತೋಟ ಮತ್ತು ಅದರ ಆಲದ ಮರ ನೋಡಬೇಕಾದುವು.

ಎಗ್ಮೋರಿಗೆ ಮಾತ್ರ ಒಂದು ಪೂರ್ತಿ ದಿನ ಬೇಕು. ನಮ್ಮ ಜಿಲ್ಲೆಯ ಕಲೆಕ್ಟರ್ ಕಚೇರಿಯ ಹಳೆಯ ದಾಖಲೆಗಳು ಇರುವುದು ಇಲ್ಲಿನ ತಮಿಳುನಾಡು ಪತ್ರಾಗಾರದಲ್ಲಿ. ಬಳ್ಳಾರಿಯ ಇತಿಹಾಸ ಬರೆಯಲು ಹೊರಟವರು ಈ ಕಟ್ಟಡವನ್ನು ತಪ್ಪಿಸಿ ಹೋಗಲಾರರು. 1851ರಲ್ಲಿ ಆರಂಭವಾದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಅಮರಾವತಿಯ ಶಿಲ್ಪಗಳನ್ನೂ ಚೋಳರ ಕಂಚಿನ ಮೂರ್ತಿಗಳನ್ನೂ ನೋಡಲು ಜನ ಬರುತ್ತಾರೆ, ಬರಲೇಬೇಕು. ನಾನು ಅವುಗಳ ಜೊತೆಗೆ ರಾಬರ್ಟ್ ಬ್ರೂಸ್ ಫೂಟ್‌ರ ಸಂಗ್ರಹವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ಫೂಟ್ 1863ರ ಮೇ ತಿಂಗಳಲ್ಲಿ ಮದರಾಸಿನ ಹೊರವಲಯದ ಪಲ್ಲಾವರಂನಲ್ಲಿ ಒಂದು ಕಲ್ಲಿನ ಕೈಗೊಡಲಿಯನ್ನು ಗುರುತಿಸಿದರು. ಭಾರತದಲ್ಲಿ ಹಳೆಯ ಶಿಲಾಯುಗದ ಮನುಷ್ಯ ಬಾಳಿದ್ದನೆಂಬುದಕ್ಕೆ ಸಿಕ್ಕ ಮೊದಲ ಸಾಕ್ಷ್ಯ ಅದು. ಮುಂದೆ ಅವರು ನಮ್ಮ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಿಗೆ ಬಂದು ಹೊಸ ಶಿಲಾಯುಗದ ಕೊಡಲಿಗಳು ರಾಶಿ ರಾಶಿಯಾಗಿ ತಯಾರಾಗುತ್ತಿದ್ದ ನೆಲೆಯನ್ನು ಕಂಡರು, ಕುಡತಿನಿಯ ಬೂದಿಗುಡ್ಡವನ್ನೂ ಪರಿಶೀಲಿಸಿದರು. ಜೀವಮಾನವಿಡೀ ಕೂಡಿಸಿದ ತಮ್ಮ ಸಂಗ್ರಹವನ್ನು 1904ರಲ್ಲಿ ಅವರು ಈ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು.

ಇದರ ಮರುದಿನ ಲೋಕಲ್ ರೈಲು ಹಿಡಿದು ಪಲ್ಲಾವರಂಗೆ ಹೋದೆ. ವಿಮಾನ ನಿಲ್ದಾಣದ ಪಕ್ಕದ ಈ ಊರು ಹಿಂದೆ ದಂಡಿನ ನೆಲೆ. ನಮ್ಮಲ್ಲಿ ದಂಡು ಬೀಡುಬಿಟ್ಟಿದ್ದ ಜಾಗದ ಬದಿಗೆ ಕೌಲ್ ಬಜಾರ್ ಇರುವಂತೆ, ಅಲ್ಲಿಯೂ ಅಡ್ಯಾರು ನದಿಯ ಬದಿಗೆ ಕೌಲ್ ಬಜಾರ್ ಎಂಬ ಹೆಸರಿನ ಊರೇ ಇದೆ. ಫಲಕದ ಮೇಲೆ ಆ ಹೆಸರನ್ನು ಓದಿ ನನಗಾದ ಅಚ್ಚರಿಯನ್ನು ಕೌಲ್ ಬಜಾರಿನ ಗೆಳೆಯರಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದೆ. ಪಲ್ಲಾವರಂ ಬಂಡೆಗುಡ್ಡಗಳ ಸುತ್ತ ಈಗ ಮನೆಗಳು ಒತ್ತಾಗಿ ಎದ್ದಿವೆ, ಹಳೆಯ ಕ್ವಾರಿಗಳಲ್ಲಿ ನೀರು ನಿಂತಿದೆ. ಗಣಿಗಾರಿಕೆಗೆ ಬೆಟ್ಟಗಳನ್ನು ಕಳೆದುಕೊಂಡ ಜಿಲ್ಲೆಯಿಂದ ಬಂದವನಿಗೆ ಆ ನೋಟ ಹಿತವಾಗಿರಲಿಲ್ಲ.

ನಮ್ಮೂರಿನಿಂದ ಹೋಗಬಯಸುವವರು ಡಿಸೆಂಬರ್ ಕೊನೆಯಿಂದ ಫೆಬ್ರುವರಿಯೊಳಗೆ ಹೋಗುವುದು ಒಳ್ಳೆಯದು. ಬಿಸಿಲು ನಮಗೆ ಹೊಸದಲ್ಲ, ಆದರೆ ಅಲ್ಲಿನ ಬೇಸಿಗೆಯ ಬೆವರು ಬೇರೆ ಬಗೆಯದು. ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಈಶಾನ್ಯ ಮಳೆ ಬೀದಿಗಳನ್ನು ಮುಳುಗಿಸಿಬಿಡುತ್ತದೆ. ಡಿಸೆಂಬರ್ ಕೊನೆಗೆ ಹೋದರೆ ಮಾರ್ಗಳಿಯ ಸಂಗೀತ ಕಛೇರಿಗಳೂ ಸಿಗುತ್ತವೆ, ಪುರಂದರದಾಸರ ಪದಗಳನ್ನು ತಮಿಳು ಶ್ರೋತೃಗಳ ನಡುವೆ ಕುಳಿತು ಕೇಳಬಹುದು. ದಿನಕ್ಕೆ ಒಂದೇ ಪೇಟೆ ಇಟ್ಟುಕೊಳ್ಳಿ, ಮೆಟ್ರೋ ಅಥವಾ ಲೋಕಲ್ ರೈಲಿನಲ್ಲಿ ಅಲ್ಲಿಗೆ ಹೋಗಿ ಮುಂದೆ ನಡೆಯಿರಿ. ಹೊರಡುವ ಮೊದಲು ಬಳ್ಳಾರಿಯಲ್ಲೇ ಇರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ನೋಡಿಕೊಂಡು ಹೋದರೆ, ಎಗ್ಮೋರಿನಲ್ಲಿ ಆ ಕಲ್ಲುಗಳು ಯಾವ ಬೆಟ್ಟದಿಂದ ಬಂದವೆಂದು ಯಾರನ್ನೂ ಕೇಳಬೇಕಾಗುವುದಿಲ್ಲ.